ತಂತಿಯಲ್ಲಿ ಕಳೆದುಹೋಗುವ ವೋಲ್ಟೇಜು

ವಿಜ್ಞಾನ ಸಂಘದ ವಿದ್ಯಾರ್ಥಿಗಳು, ಹತ್ತನೆಯ ತರಗತಿ

ನಮ್ಮ ತಾಳವಾಡಿ ಬೆಟ್ಟದ ಊರುಗಳಲ್ಲಿ ಸಂಜೆ ಓದಲು ಕುಳಿತ ಯಾವ ವಿದ್ಯಾರ್ಥಿಗೂ ಹೊಸದಲ್ಲದ ಸಂಗತಿ ಒಂದಿದೆ. ಪಕ್ಕದ ತೋಟದಲ್ಲಿ ಯಾರೋ ಮೋಟರು ಹಾಕುತ್ತಾರೆ. ಆ ಕ್ಷಣದಲ್ಲೇ ನಮ್ಮ ಮನೆಯ ದೀಪ ಮಂಕಾಗುತ್ತದೆ, ಫ್ಯಾನು ನಿಧಾನವಾಗುತ್ತದೆ. "ಕರೆಂಟು ಡಲ್ಲಾಯಿತು" ಎಂದು ಹಿರಿಯರು ಹೇಳಿ ಸುಮ್ಮನಾಗುತ್ತಾರೆ. ಹಾಗಾದರೆ ಕಡಿಮೆಯಾದ ಆ ವೋಲ್ಟೇಜು ಎಲ್ಲಿಗೆ ಹೋಯಿತು? ಈ ಪ್ರಶ್ನೆಯ ಬೆನ್ನು ಹತ್ತಿ ನಾವು ಈ ವರ್ಷ ಒಂದು ಗಣಕಯಂತ್ರದ ಒಳಹೊಕ್ಕು, ಕೊನೆಗೆ ಒಂದು ಕೊಳವೆಬಾವಿಯ ಬಾಯಿಗೆ ಬಂದು ನಿಂತೆವು. ಆ ಪ್ರಯಾಣದ ಪಾಠವನ್ನು ಇಲ್ಲಿ ಬರೆಯುತ್ತಿದ್ದೇವೆ.

ಕಡೆಯ ಸಾಲಿನ ಗಿಡ

ಹನಿ ನೀರಾವರಿ ಹಾಕಿದ ತೋಟವನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಪೈಪು ಸಣ್ಣದಾಗಿದ್ದು ಉದ್ದವಾಗಿದ್ದರೆ ಮೊದಲ ಸಾಲಿನ ಗಿಡಕ್ಕೆ ನೀರು ಚೆನ್ನಾಗಿ ಬೀಳುತ್ತದೆ, ಕಡೆಯ ಸಾಲಿಗೆ ತೊಟ್ಟು ತೊಟ್ಟಾಗಿ ಬರುತ್ತದೆ. ನೀರಿನ ಒತ್ತಡದ ಒಂದು ಭಾಗ ಪೈಪನ್ನು ದಾಟುವುದರಲ್ಲೇ ಖರ್ಚಾಗುತ್ತದೆ.

ವಿದ್ಯುತ್ತಿಗೂ ಇದೇ ನ್ಯಾಯ. ತಂತಿಗೆ ಸ್ವಲ್ಪವಾದರೂ ರೋಧವಿರುತ್ತದೆ. ಜರ್ಮನಿಯ ಜಾರ್ಜ್ ಸೈಮನ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ ನಮ್ಮೆಲ್ಲರ ಪಾಠಪುಸ್ತಕದಲ್ಲಿದೆ:

ವಿಭವಾಂತರ = ಪ್ರವಾಹ × ರೋಧ

ತಂತಿಯ ಉದ್ದ ಹೆಚ್ಚಿದಂತೆ ರೋಧ ಹೆಚ್ಚುತ್ತದೆ. ದಪ್ಪ ಹೆಚ್ಚಿದಂತೆ ರೋಧ ಕಡಿಮೆಯಾಗುತ್ತದೆ. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.0172 ಓಮ್ ರೋಧವಿರುತ್ತದೆ. ಇಲ್ಲಿ ಒಂದು ಮಾತನ್ನು ಮರೆಯಬಾರದು. ಪ್ರವಾಹ ಇಲ್ಲದಿದ್ದರೆ ಕುಸಿತವೂ ಇಲ್ಲ. ಮೋಟರು ನಿಂತಿರುವಾಗ ತಂತಿಯ ಎರಡು ತುದಿಯಲ್ಲೂ ಒಂದೇ ವೋಲ್ಟೇಜು ತೋರುತ್ತದೆ. ದುಡಿಮೆ ಶುರುವಾದಾಗಲೇ ನಷ್ಟ ಕಾಣುವುದು.

ಶಿವನಸಮುದ್ರದವರು ಕಂಡ ಉಪಾಯ

ಈ ತೊಂದರೆಯನ್ನು ನಮ್ಮ ನೆರೆಯಲ್ಲೇ ನೂರು ವರ್ಷಗಳಿಗೂ ಹಿಂದೆ ದೊಡ್ಡ ಪ್ರಮಾಣದಲ್ಲಿ ಎದುರಿಸಿದ್ದರು. ಕೊಳ್ಳೇಗಾಲದ ಆಚೆಯ ಶಿವನಸಮುದ್ರದಲ್ಲಿ, ಮೈಸೂರಿನ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಜಲವಿದ್ಯುತ್ ಯೋಜನೆ 1902ರಲ್ಲಿ ಕೆಲಸ ಆರಂಭಿಸಿತು. ಅಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಹೋಗಬೇಕಾಗಿತ್ತು. ಅದು ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು.

ಅಷ್ಟು ದೂರಕ್ಕೆ ಕಡಿಮೆ ವೋಲ್ಟೇಜಿನಲ್ಲಿ ಕಳುಹಿಸಿದ್ದರೆ ಬಹುಪಾಲು ತಂತಿಯಲ್ಲೇ ಶಾಖವಾಗಿ ಹೋಗುತ್ತಿತ್ತು. ಆದುದರಿಂದ ಪರಿವರ್ತಕದಿಂದ ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿ ಕಳುಹಿಸಿ, ಗಣಿಯ ಬಳಿ ಇಳಿಸಿಕೊಂಡರು. ವೋಲ್ಟೇಜು ಹತ್ತು ಪಟ್ಟು ಹೆಚ್ಚಿದರೆ ಅದೇ ಸಾಮರ್ಥ್ಯಕ್ಕೆ ಪ್ರವಾಹ ಹತ್ತರಲ್ಲಿ ಒಂದು ಪಾಲು ಸಾಕು. ತಂತಿಯ ನಷ್ಟವು ಪ್ರವಾಹದ ವರ್ಗಕ್ಕೆ ಅನುಗುಣವಾದ್ದರಿಂದ ಅದು ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಎತ್ತರಿಸಿ ಕಳುಹಿಸು, ಬಳಸುವ ಜಾಗದ ಹತ್ತಿರ ಇಳಿಸು: ಇದೇ ಆ ಉಪಾಯ.

ಗಣಕಯಂತ್ರದೊಳಗಿನ ಶಿವನಸಮುದ್ರ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ತಮ್ಮ ಹಳೆಯ ಗಣಕಯಂತ್ರವನ್ನು ಸಂಘಕ್ಕೆ ಕೊಟ್ಟರು. ಅದರಲ್ಲಿದ್ದದ್ದು 2006ರಲ್ಲಿ ಬಂದ ಇಂಟೆಲ್ ಕೋರ್ 2 ಡ್ಯುಯೋ ಇ6600 ಎಂಬ ಪ್ರೊಸೆಸರ್. ಅದರ ವೇಗ 2.4 ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ 240 ಕೋಟಿ ಮಿಡಿತ.

ಮುಚ್ಚಳ ತೆಗೆದು ನೋಡಿದಾಗ ಶಿವನಸಮುದ್ರದ ಉಪಾಯವೇ ಕಂಡಿತು. ಪ್ರೊಸೆಸರಿಗೆ ಬೇಕಾದದ್ದು ಕೇವಲ 1.25 ವೋಲ್ಟಿನಷ್ಟು. ಆದರೆ ಪವರ್ ಸಪ್ಲೈ ಪೆಟ್ಟಿಗೆಯಿಂದ ಅದರ ಕಡೆಗೆ ಬರುವ ತಂತಿಯಲ್ಲಿರುವುದು 12 ವೋಲ್ಟ್. ಪ್ರೊಸೆಸರಿನ ಮಗ್ಗುಲಲ್ಲೇ ಸುರುಳಿಗಳು, ಧಾರಕಗಳು ಮತ್ತು ಟ್ರಾನ್ಸಿಸ್ಟರ್ ಸ್ವಿಚ್ಚುಗಳು ಸಾಲಾಗಿ ನಿಂತು ಆ 12 ವೋಲ್ಟನ್ನು ಇಳಿಸಿ ಕೊಡುತ್ತವೆ. ಪ್ರೊಸೆಸರ್ 65 ವ್ಯಾಟ್ ಬಳಸುತ್ತದೆ ಎಂದು ಇಟ್ಟುಕೊಂಡರೆ, 65 ÷ 1.25 = 52 ಆಂಪೇರ್! ಬೆರಳಿನಷ್ಟು ಜಾಗದಲ್ಲಿ ಒಂದು ತೋಟದ ಮೋಟರಿಗಿಂತ ಆರು ಪಟ್ಟು ಹೆಚ್ಚು ಪ್ರವಾಹ. ಇಷ್ಟು ಪ್ರವಾಹಕ್ಕೆ ಒಂದು ಓಮ್‌ನ ಸಾವಿರದ ಒಂದು ಪಾಲು ರೋಧವಿದ್ದರೂ 0.052 ವೋಲ್ಟ್ ಕುಸಿಯುತ್ತದೆ.

ವೇಗ ಹೆಚ್ಚಿಸುವ ಆಸೆ

ತಯಾರಕರು ಗೊತ್ತುಮಾಡಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಪ್ರೊಸೆಸರನ್ನು ಓಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ನಮಗೂ ಆ ಆಸೆ ಹುಟ್ಟಿತು. 2.4ನ್ನು 3.2 ಗಿಗಾಹರ್ಟ್ಸ್‌ಗೆ ಏರಿಸಿದೆವು. ಆಗ ಒಂದು ಮಿಡಿತಕ್ಕೆ ಸಿಗುವ ಕಾಲ 0.31 ನ್ಯಾನೊಸೆಕೆಂಡ್ ಮಾತ್ರ. ಅಷ್ಟರಲ್ಲಿ ಬೆಳಕು ಕೂಡ ಸುಮಾರು ಅರ್ಧ ಗೇಣಿನಷ್ಟು ದೂರ ಮಾತ್ರ ಸಾಗೀತು. ಇಷ್ಟು ಬೇಗ ಟ್ರಾನ್ಸಿಸ್ಟರುಗಳು ಕೆಲಸ ಮುಗಿಸಬೇಕಾದರೆ ಹೆಚ್ಚು ವೋಲ್ಟೇಜು ಬೇಕು. ಆದುದರಿಂದ 1.40 ವೋಲ್ಟ್ ಕೊಡುವಂತೆ ಹೊಂದಿಸಿದೆವು.

ಯಂತ್ರ ಸುಮ್ಮನಿರುವಾಗ ಎಲ್ಲವೂ ಸರಿಯಾಗಿತ್ತು. ಪೈ ಬೆಲೆಯನ್ನು ಲಕ್ಷಾಂತರ ದಶಮಾಂಶ ಸ್ಥಾನಗಳವರೆಗೆ ಕಂಡುಹಿಡಿಯುವ ಲೆಕ್ಕವನ್ನು ಕೊಟ್ಟೊಡನೆ ಹತ್ತು ನಿಮಿಷದಲ್ಲಿ ನಿಂತುಹೋಯಿತು. ಮತ್ತೆ ಪ್ರಯತ್ನಿಸಿದರೂ ಹಾಗೆಯೇ. ಮಲ್ಟಿಮೀಟರ್ ಹಿಡಿದು ನೋಡಿದಾಗ ಗುಟ್ಟು ಹೊರಬಿತ್ತು. ಬಿಡುವಿನಲ್ಲಿ 1.39 ವೋಲ್ಟ್ ಇದ್ದದ್ದು ದುಡಿಯುವಾಗ 1.33ಕ್ಕೆ ಇಳಿಯುತ್ತಿತ್ತು. ಹೆಚ್ಚು ಬೇಕಾದ ಹೊತ್ತಿಗೇ ಕಡಿಮೆ ಸಿಗುತ್ತಿತ್ತು.

ಲೆಕ್ಕ ಹಾಕಿದೆವು. ಪ್ರೊಸೆಸರ್ ಬಳಸುವ ಸಾಮರ್ಥ್ಯವು ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಹೆಚ್ಚು ಕಡಿಮೆ ಅನುಗುಣವಾಗಿರುತ್ತದೆ. ವೇಗ 1.33 ಪಟ್ಟು, ವೋಲ್ಟೇಜಿನ ವರ್ಗ 1.13 ಪಟ್ಟು, ಎರಡನ್ನೂ 65ಕ್ಕೆ ಗುಣಿಸಿದರೆ ಸುಮಾರು 98 ವ್ಯಾಟ್. ಪ್ರವಾಹ ಸುಮಾರು 73 ಆಂಪೇರ್. ಕುಸಿತ 0.07 ವೋಲ್ಟ್. ನಮ್ಮ ಮೀಟರು ಸುಳ್ಳು ಹೇಳಿರಲಿಲ್ಲ.

ಬೇಕೆಂದೇ ಇಟ್ಟ ಕುಸಿತ

ಈ ಕುಸಿತ ತಯಾರಕರ ತಪ್ಪೆಂದು ನಾವು ಭಾವಿಸಿದ್ದೆವು. ಹಾಗಲ್ಲವೆಂದು ನಮ್ಮ ವಿಜ್ಞಾನದ ಗುರುಗಳು ತಿಳಿಸಿದರು. ಪ್ರವಾಹ ಹೆಚ್ಚಿದಂತೆ ವೋಲ್ಟೇಜು ಇಷ್ಟಿಷ್ಟೇ ಇಳಿಯಬೇಕೆಂದು ಇಂಟೆಲ್ ಕಂಪನಿಯೇ ನಿಗದಿ ಮಾಡಿತ್ತು. ಆ ಇಳಿಜಾರಿಗೆ ಲೋಡ್ ಲೈನ್ ಎಂದು ಹೆಸರು.

ಏಕೆ? ಇದಕ್ಕೂ ತೋಟದಲ್ಲೇ ಉತ್ತರವಿದೆ. ಉದ್ದನೆಯ ಪೈಪಿನಲ್ಲಿ ನೀರು ರಭಸದಿಂದ ಹರಿಯುತ್ತಿರುವಾಗ ಗೇಟ್ ವಾಲ್ವನ್ನು ತಟ್ಟನೆ ಮುಚ್ಚಿದರೆ ಪೈಪು ಧಡ್ ಎಂದು ಒದರುತ್ತದೆ, ಕೆಲವೊಮ್ಮೆ ಒಡೆಯುತ್ತದೆ. ಹರಿಯುವ ನೀರು ಹೇಳಿದೊಡನೆ ನಿಲ್ಲುವುದಿಲ್ಲ. ಹಾಗೆಯೇ ಪ್ರೊಸೆಸರ್ ತನ್ನ ಲೆಕ್ಕವನ್ನು ತಟ್ಟನೆ ನಿಲ್ಲಿಸಿದಾಗ ಸುರುಳಿಗಳಲ್ಲಿನ ಪ್ರವಾಹ ಕೂಡಲೇ ನಿಲ್ಲದೆ ಧಾರಕಗಳನ್ನು ತುಂಬುತ್ತದೆ. ವೋಲ್ಟೇಜು ಕ್ಷಣಕಾಲ ಮೇಲಕ್ಕೆ ಚಿಮ್ಮುತ್ತದೆ. ದುಡಿಯುವಾಗ ವೋಲ್ಟೇಜು ಸ್ವಲ್ಪ ಕೆಳಗಿದ್ದರೆ ಆ ಚಿಮ್ಮುವಿಕೆಗೆ ಜಾಗವಿರುತ್ತದೆ, ಗರಿಷ್ಠ ಮಿತಿ ಮೀರುವುದಿಲ್ಲ.

ಪೆನ್ಸಿಲಿನ ಒಂದು ಗೆರೆ

ಸುಮಾರು 2006–07ರಲ್ಲಿ ಹಲವು ದೇಶಗಳ ಹವ್ಯಾಸಿಗಳು ಈ ಕುಸಿತವನ್ನು ತಗ್ಗಿಸಲು ಒಂದು ಅಗ್ಗದ ಉಪಾಯವನ್ನು ಕಂಡುಕೊಂಡಿದ್ದರು. ಆಸುಸ್ ಪಿ5ಬಿ ಡೀಲಕ್ಸ್‌ನಂತಹ ಮದರ್‌ಬೋರ್ಡುಗಳ ಮೇಲೆ, ಕುಸಿತ ಎಷ್ಟಿರಬೇಕೆಂದು ಗೊತ್ತುಮಾಡುವ ಸಾಸಿವೆಯಂಥ ಪುಟ್ಟ ರೋಧಕವೊಂದರ ನೆತ್ತಿಗೆ ಪೆನ್ಸಿಲಿನಿಂದ ಗೀಚುತ್ತಿದ್ದರು. ಪೆನ್ಸಿಲಿನ ಗ್ರಾಫೈಟ್ ವಿದ್ಯುತ್ ವಾಹಕ. ಆ ಗೆರೆಯು ರೋಧಕಕ್ಕೆ ಸಮಾಂತರವಾಗಿ ಜೋಡಿಸಿದ ಇನ್ನೊಂದು ರೋಧಕವಾಗುತ್ತದೆ. ಸಮಾಂತರ ಜೋಡಣೆಯಲ್ಲಿ ಒಟ್ಟು ರೋಧ ಕಡಿಮೆಯಾಗುತ್ತದೆಂದು ನಾವು ಕಲಿತಿದ್ದೇವೆ. 10 ಕಿಲೋ ಓಮ್‌ಗೆ 40 ಕಿಲೋ ಓಮ್ ಸೇರಿದರೆ:

1/10 + 1/40 = 5/40, ಆದುದರಿಂದ ಒಟ್ಟು ರೋಧ 8 ಕಿಲೋ ಓಮ್.

ಯಂತ್ರದ ಸಂಪರ್ಕವನ್ನು ಪೂರ್ತಿ ತೆಗೆದು, ಗುರುಗಳ ಎದುರಿನಲ್ಲಿ, ಒಂದೊಂದೇ ಗೆರೆ ಎಳೆದು, ಪ್ರತಿ ಗೆರೆಗೂ ಅಳೆದು ನಾವೂ ಮಾಡಿ ನೋಡಿದೆವು. ದುಡಿಯುವಾಗಿನ ವೋಲ್ಟೇಜು 1.33ರಿಂದ 1.35ಕ್ಕೆ ಏರಿತು. ಹತ್ತು ನಿಮಿಷಕ್ಕೆ ನಿಲ್ಲುತ್ತಿದ್ದ ಲೆಕ್ಕ ಒಂದು ಗಂಟೆ ನಡೆಯಿತು. ನಾವು ಕುಣಿದಾಡಿದೆವು.

ಆಗ ಗುರುಗಳು ಕೇಳಿದರು: "ಲೆಕ್ಕ ನಿಂತ ಕ್ಷಣದಲ್ಲಿ ವೋಲ್ಟೇಜು ಎಷ್ಟು ಚಿಮ್ಮಿತು? ನಿಮ್ಮ ಮೀಟರು ತೋರಿಸಿತೇ?" ತೋರಿಸಿರಲಿಲ್ಲ. ಮಲ್ಟಿಮೀಟರ್ ಸರಾಸರಿಯನ್ನು ಮಾತ್ರ ತೋರಿಸುತ್ತದೆ. ಕಣ್ಣುಮುಚ್ಚಿ ತೆರೆಯುವುದರಲ್ಲಿ ಸಾವಿರಾರು ಬಾರಿ ಬಂದು ಹೋಗುವ ಏರಿಳಿತವನ್ನು ಕಾಣಲು ಆಸಿಲೋಸ್ಕೋಪ್ ಬೇಕು. ಅದು ನಮ್ಮಲ್ಲಿಲ್ಲ. ಕಾಣದ ಅಪಾಯವನ್ನು ಇಲ್ಲವೆಂದು ಹೇಳಲಾಗದು. ನಾವು ರಬ್ಬರಿನಿಂದ ಗೆರೆಯನ್ನು ಅಳಿಸಿ, ಯಂತ್ರವನ್ನು ಮೊದಲಿನ 2.4ಕ್ಕೆ ಇಳಿಸಿದೆವು. ಅದು ಈಗ ಕಿರಿಯ ತರಗತಿಯವರಿಗೆ ಅಕ್ಷರ ಒತ್ತುವುದನ್ನು ಕಲಿಸುತ್ತಿದೆ. ನಂತರದ ವರ್ಷಗಳಲ್ಲಿ ತಯಾರಕರೇ ಮದರ್‌ಬೋರ್ಡಿನ ಹೊಂದಿಕೆಗಳಲ್ಲಿ ಲೋಡ್ ಲೈನ್ ಬದಲಿಸುವ ಸೌಲಭ್ಯ ಕೊಟ್ಟಿದ್ದಾರೆ. ಪೆನ್ಸಿಲಿನ ಅಗತ್ಯ ಉಳಿದಿಲ್ಲ.

ಬಾವಿಯ ಬಾಯಲ್ಲಿ

ಪಾಠ ಇಲ್ಲಿಗೆ ಮುಗಿಯಲಿಲ್ಲ. ನಮ್ಮ ಸಂಘದ ಗೆಳೆಯನೊಬ್ಬನ ತೋಟದಲ್ಲಿ ಒಂದೇ ವರ್ಷದಲ್ಲಿ 5 ಎಚ್.ಪಿ. ಮೋಟರು ಎರಡು ಸಲ ಸುಟ್ಟಿತ್ತು. ಎರಡನೆಯ ಸಲ ಕಟ್ಟುವ ಹಂತದ ಕೋಸು ಒಣಗಿತು. "ಮೋಟರೇ ಸರಿಯಿಲ್ಲ" ಎಂದು ಅವನ ಅಪ್ಪಾಜಿ ಹೊಸದಕ್ಕೆ ಸಾಲ ಕೇಳಲು ಹೊರಟಿದ್ದರು. ಮಗನನ್ನು ಶಾಲೆ ಬಿಡಿಸಿ ಕೆಲಸಕ್ಕೆ ಕಳುಹಿಸುವ ಮಾತೂ ಮನೆಯಲ್ಲಿ ಬಂದಿತ್ತು.

ಗೆಳೆಯನೇ ಕೇಳಿದ: "ನಾವು ಪ್ರೊಸೆಸರಿನ ಬಳಿ, ಅದು ದುಡಿಯುವಾಗ ಅಳೆದೆವಲ್ಲ, ಮೋಟರಿಗೆ ಯಾರಾದರೂ ಹಾಗೆ ಅಳೆದಿದ್ದಾರೆಯೇ?" ಇಲ್ಲ. ರಸ್ತೆ ಬದಿಯ ಸ್ಟಾರ್ಟರ್ ಪೆಟ್ಟಿಗೆಯ ಬಳಿ ಮಾತ್ರ ನೋಡಿದ್ದರು. ವೈರ್‌ಮನ್ ಅಣ್ಣನನ್ನು ಕರೆದೆವು. ಮೋಟರು ಓಡುತ್ತಿರುವಾಗ ಸ್ಟಾರ್ಟರಿನಲ್ಲಿ 380 ವೋಲ್ಟ್ ಇತ್ತು. ಅಲ್ಲಿಂದ 250 ಮೀಟರ್ ದೂರದ ಬಾವಿಯ ಬಾಯಲ್ಲಿ 356. ಕೆಳಗೆ 150 ಮೀಟರ್ ಆಳದಲ್ಲಿರುವ ಮೋಟರಿನ ಬಳಿ ಅಳೆಯುವಂತಿಲ್ಲ, ಲೆಕ್ಕ ಮಾಡಬಹುದು.

ಕೇಬಲಿನ ದಪ್ಪ 2.5 ಚದರ ಮಿಲಿಮೀಟರ್. 150 ಮೀಟರಿಗೆ ರೋಧ 0.0172 × 150 ÷ 2.5 = 1.03 ಓಮ್. ಪ್ರವಾಹ 8 ಆಂಪೇರ್. ಮೂರು ಫೇಸಿನ ಲೆಕ್ಕದಲ್ಲಿ 1.73ರಿಂದ ಗುಣಿಸಬೇಕು: ಕುಸಿತ ಸುಮಾರು 14 ವೋಲ್ಟ್. ಅಂದರೆ 415 ವೋಲ್ಟಿಗೆ ಮಾಡಿದ ಮೋಟರಿಗೆ ಸಿಗುತ್ತಿದ್ದದ್ದು 342. ಮೋಟರಿನ ತಿರುಗಿಸುವ ಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣ. ಹಾಗಾಗಿ ಹೊರಡುವ ಬಲ ಮೂರರಲ್ಲಿ ಎರಡು ಪಾಲಷ್ಟೇ. ಬಲ ಸಾಲದ ಮೋಟರು ಹೆಚ್ಚು ಪ್ರವಾಹ ಎಳೆಯುತ್ತದೆ. ಹೆಚ್ಚು ಎಳೆದಷ್ಟೂ ತಂತಿಯಲ್ಲಿ ಇನ್ನಷ್ಟು ಕುಸಿತ. ಸುಟ್ಟದ್ದು ಮೋಟರು, ತಪ್ಪು ತಂತಿಯದು.

ನೆಲದ ಮೇಲಿನ 250 ಮೀಟರಿಗೆ 6 ಚದರ ಮಿಲಿಮೀಟರ್ ಕೇಬಲ್ ಹಾಕಿದರೆ ಅಲ್ಲಿನ ಕುಸಿತ 24ರಿಂದ 10ಕ್ಕೆ ಇಳಿಯುತ್ತದೆಂದು ಲೆಕ್ಕ ಬರೆದು ಕೊಟ್ಟೆವು. ಅಪ್ಪಾಜಿ ಅದನ್ನು ಎರಡು ಸಲ ಓದಿಸಿ ಕೇಳಿದರು. ಖರ್ಚು ಸಣ್ಣದಲ್ಲ, ಆದರೆ ಎರಡು ಸಲ ರೀವೈಂಡಿಂಗಿಗೆ, ಒಣಗಿದ ಕೋಸಿಗೆ ಹೋದದ್ದೂ ಸಣ್ಣದಲ್ಲ. ಕೇಬಲ್ ಬದಲಾಯಿತು. ವೋಲ್ಟೇಜು ತೀರ ಇಳಿದರೆ ತಾನಾಗಿ ನಿಲ್ಲಿಸುವ ರಿಲೆಯನ್ನೂ ವೈರ್‌ಮನ್ ಅಣ್ಣ ಸೇರಿಸಿದರು. ಆಮೇಲೆ ಎರಡು ಬೆಳೆ ಬಂದಿವೆ, ಮೋಟರು ಓಡುತ್ತಿದೆ. ಗೆಳೆಯ ನಮ್ಮ ಬೆಂಚಿನಲ್ಲೇ ಕುಳಿತಿದ್ದಾನೆ.

ಕಲಿತದ್ದು

ಓದುಗರೇ, ನಾವು ಕಲಿತ ಮಾತು ಎರಡು. ಮೊದಲನೆಯದು: ಅಳೆಯುವುದಾದರೆ ದುಡಿಯುವ ಜಾಗದಲ್ಲಿ, ದುಡಿಯುವಾಗ ಅಳೆಯಬೇಕು. ಎರಡನೆಯದು: ತಪ್ಪೆಂದು ಕಾಣುವುದನ್ನು ತಿದ್ದುವ ಮೊದಲು ಅದನ್ನು ಏಕೆ ಹಾಗೆ ಇಟ್ಟಿದ್ದಾರೆಂದು ಕೇಳಬೇಕು. ಗಣಕಯಂತ್ರದ ಕುಸಿತಕ್ಕೆ ಕಾರಣವಿತ್ತು, ಬಿಟ್ಟೆವು. ತೋಟದ ಕುಸಿತಕ್ಕೆ ಕಾರಣವಿರಲಿಲ್ಲ, ತೆಗೆದೆವು. ಎರಡನ್ನೂ ತೂಗಿದ್ದು ಓಮ್‌ನ ಒಂದೇ ನಿಯಮ. ಮನೆಯ, ತೋಟದ ತಂತಿಗಳನ್ನು ವಿದ್ಯಾರ್ಥಿಗಳು ತಾವಾಗಿ ಎಂದೂ ಮುಟ್ಟಬಾರದು. ಅಳೆಯುವುದು ತಿಳಿದವರ ಕೆಲಸ, ಲೆಕ್ಕ ಮಾಡುವುದು ನಮ್ಮ ಕೆಲಸ.

ಯೋಚಿಸಿ ಉತ್ತರಿಸಿ

1. 10 ಕಿಲೋ ಓಮ್ ರೋಧಕಕ್ಕೆ 30 ಕಿಲೋ ಓಮ್ ಗ್ರಾಫೈಟ್ ಗೆರೆ ಸಮಾಂತರವಾಗಿ ಸೇರಿದರೆ ಒಟ್ಟು ರೋಧವೆಷ್ಟು?

2. ನಮ್ಮ ಪ್ರೊಸೆಸರನ್ನು 3.0 ಗಿಗಾಹರ್ಟ್ಸ್ ವೇಗದಲ್ಲಿ, 1.35 ವೋಲ್ಟಿನಲ್ಲಿ ಓಡಿಸಿದರೆ ಎಷ್ಟು ವ್ಯಾಟ್ ಬೇಕಾದೀತು?

3. ನಿಮ್ಮ ತೋಟದ ಕೇಬಲಿನ ಉದ್ದ, ದಪ್ಪ ಮತ್ತು ಮೋಟರಿನ ಪ್ರವಾಹವನ್ನು ಹಿರಿಯರಿಂದ ಕೇಳಿ ತಿಳಿದು, ಅದರ ಕುಸಿತವನ್ನು ಲೆಕ್ಕ ಹಾಕಿ ಮನೆಯವರಿಗೆ ಓದಿ ಹೇಳಿರಿ.