ಏರಿ ಮೇಲೆ ಅಡ್ಡಾಡುವವರಿಗೆ ಅಜ್ಜನ ಕಿವಿಮಾತು

ನನ್ನಜ್ಜ ನೀರಗಂಟಿ. ಮಳೆಗಾಲದ ರಾತ್ರಿ ಕಂಬಳಿಕೊಪ್ಪೆ ಹಾಕಿಕೊಂಡು, ಲಾಟೀನು ಹಿಡಿದು ಏರಿ ಸುತ್ತಿ ಬಂದರೇನೇ ಅವನಿಗೆ ನಿದ್ದೆ. ಅವನ ಕಾಲ ಹೋಯಿತು. ಈಗ ನಮ್ಮ ಮಾಚೇನಹಳ್ಳಿ ಅಂದರೆ ಹಾಲಿನ ಡೇರಿ, ಕೈಗಾರಿಕಾ ಪ್ರದೇಶ, ಬಿ.ಎಚ್. ರಸ್ತೆಯ ಲಾರಿಗಳು. ಪಕ್ಕದ ನಿದಿಗೆ ಕೆರೆಯಿಂದ ಹಿಡಿದು ಸುತ್ತಲಿನ ಸಣ್ಣಪುಟ್ಟ ಕಟ್ಟೆಗಳವರೆಗೆ, ನೀರಿನ ದಡಕ್ಕೆ ಹೋಗುವವರು ಬಹುಪಾಲು ಗಾಳಿಗೆ, ಫೋಟೋಗೆ, ಗಾಳ ಹಾಕುವುದಕ್ಕೆ ಹೋಗುತ್ತಾರೆ. ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಒಂದು ಮಾತು. ಗದ್ದೆಗೆ ನೀರು ಬೇಕಿದ್ದಾಗ ಏರಿ ಸೋರಿದರೆ ಯಾರದೋ ಅನ್ನ ಸೋರುತ್ತಿತ್ತು, ಅವನು ಬೊಬ್ಬೆ ಹೊಡೆಯುತ್ತಿದ್ದ. ಈಗ ನೀರು ನೋಡುವವರು ನೂರು ಜನ, ಏರಿ ನೋಡುವವನು ಒಬ್ಬನೂ ಇಲ್ಲ. ಹಾಗಾಗಿ ಅಜ್ಜನಿಂದ ಕಲಿತದ್ದನ್ನೂ ಆಮೇಲೆ ಓದಿ ತಿಳಿದದ್ದನ್ನೂ ನಿಮ್ಮ ಕಿವಿಗೆ ಹಾಕುತ್ತಿದ್ದೇನೆ.

• ಬಸಿ ನೀರಿನ ಬಣ್ಣ ನೋಡಿ. ಮಣ್ಣಿನ ಏರಿ ಅಂದಮೇಲೆ ಹಿಂಬದಿಯಲ್ಲಿ ಒಂದಿಷ್ಟು ನೀರು ಬಸಿಯುತ್ತದೆ. ತಿಳಿಯಾಗಿ, ವರ್ಷವೂ ಅಷ್ಟೇ ಬಸಿದರೆ ಗಮನವಿಟ್ಟರೆ ಸಾಕು. ನೀರು ರಾಡಿಯಾಗಿ ಬಂತೋ, ಅದು ಏರಿಯ ಹೊಟ್ಟೆಯೊಳಗಿನ ಮಣ್ಣನ್ನು ಹೊತ್ತು ತರುತ್ತಿದೆ ಎಂದರ್ಥ. ಆಮೇಲೆ ನಾಳೆ ಹೇಳೋಣ ಅನ್ನಬೇಡಿ. ಅಮೆರಿಕದ ಟೀಟನ್ ಅಣೆಕಟ್ಟು 300 ಅಡಿ ಎತ್ತರದ್ದು, ಆಗಷ್ಟೇ ಕಟ್ಟಿದ್ದು. 1976ರ ಜೂನ್ 5ರ ಬೆಳಿಗ್ಗೆ ಅದರಲ್ಲಿ ರಾಡಿ ಸೋರಿಕೆ ಕಂಡಿತು. ಮಧ್ಯಾಹ್ನ 12 ಹೊಡೆಯುವುದರೊಳಗೆ ಕಟ್ಟೆ ಒಡೆದಿತ್ತು.

• ಬೇಸಿಗೆಯ ಹಸಿರನ್ನು ಅನುಮಾನಿಸಿ. ಸುತ್ತೆಲ್ಲ ಹುಲ್ಲು ಒಣಗಿರುವಾಗ ಏರಿಯ ಹಿಂಬದಿಯ ಒಂದೇ ಕಡೆ ಜೊಂಡು ಬೆಳೆದಿದ್ದರೆ, ಕಾಲಿಟ್ಟರೆ ನೆಲ ಜವುಗಾಗಿದ್ದರೆ, ಒಳಗಿನಿಂದ ನೀರು ದಾರಿ ಮಾಡಿಕೊಂಡಿದೆ ಎಂದು ತಿಳಿಯಿರಿ.

• ಕೋಡಿಗೆ ಅಡ್ಡ ಹಾಕಬೇಡಿ, ಹಾಕಲು ಬಿಡಬೇಡಿ. ಕೆರೆಗೆ ಕೋಡಿಯೇ ಪ್ರಾಣ. ಹೆಚ್ಚಾದ ನೀರು ಅಲ್ಲಿ ಹೋಗದಿದ್ದರೆ ಏರಿಯ ತಲೆ ಮೇಲೆ ಹೋಗುತ್ತದೆ, ಹೋದರೆ ಮಣ್ಣಿನ ಏರಿ ತಡೆಯುವುದಿಲ್ಲ. ಇನ್ನೊಂದಡಿ ನೀರು ನಿಲ್ಲಲಿ ಎಂದು ಮರಳುಚೀಲ ಇಡುವವರನ್ನೂ, ಮೀನು ಹೋಗದಿರಲಿ ಎಂದು ಬಲೆ ಕಟ್ಟುವವರನ್ನೂ ನಾನು ಕಂಡಿದ್ದೇನೆ. ಅವರಿಗೆ ಅಮೆರಿಕದ ಜಾನ್ಸ್‌ಟೌನ್ ಕತೆ ಹೇಳಿ. ಅದೂ ನಮ್ಮ ಭದ್ರಾವತಿಯ ಹಾಗೆ ಕಬ್ಬಿಣ, ಉಕ್ಕಿನ ಊರು. ಅದರ ಮೇಲ್ಗಡೆಯ ಕಣಿವೆಯಲ್ಲಿ, ದೋಣಿಗಾಲುವೆಗೆಂದು ಕಟ್ಟಿ ಕೈಬಿಟ್ಟಿದ್ದ ಹಳೆಯ ಮಣ್ಣಿನ ಅಣೆಕಟ್ಟು ಇತ್ತು. ಶ್ರೀಮಂತರ ಕ್ಲಬ್ಬೊಂದು ಅದನ್ನು ಕೊಂಡು ವಿಹಾರದ ಸರೋವರ ಮಾಡಿಕೊಂಡಿತು. ಸಾರೋಟು ಓಡಾಡಲೆಂದು ಏರಿಯ ತಲೆ ತಗ್ಗಿಸಿದರು. ಮೀನು ತಪ್ಪಿಸಿಕೊಳ್ಳದಿರಲೆಂದು ಕೋಡಿಗೆ ಜಾಲರಿ ಹಾಕಿದರು. ಯಾರೋ ಕಿತ್ತು ಮಾರಿದ್ದ ತೂಬಿನ ಕೊಳವೆಗಳನ್ನು ಮತ್ತೆ ಹಾಕಲೇ ಇಲ್ಲ. 1889ರ ಮೇ 31ರ ಮಳೆಗೆ ಜಾಲರಿಯಲ್ಲಿ ಕಸ ಕಟ್ಟಿತು, ನೀರು ಏರಿ ಹತ್ತಿತು. ಸತ್ತವರು 2,209 ಜನ. ಮೀನು ಉಳಿಸಲು ಹೋದದ್ದು ಅದು!

• ತೂಬು ಎತ್ತಿ, ಇಳಿಸಿ ನೋಡುತ್ತಿರಿ. ಇದು ಪಂಚಾಯಿತಿಯವರಿಗೆ, ಕೆರೆ ಸಂಘದವರಿಗೆ ಹೇಳುವ ಮಾತು. ಗದ್ದೆಗೆ ನೀರು ಬೇಡವಾದ ಮೇಲೆ ಎಷ್ಟೋ ತೂಬುಗಳ ಬಾಗಿಲುಗಳು ತುಕ್ಕು ಹಿಡಿದು ಕೂತಿವೆ. ಆಪತ್ತಿನಲ್ಲಿ ಕೆರೆ ತಗ್ಗಿಸಲು ಇರುವುದು ಅದೊಂದೇ ಬಾಗಿಲು. ಮೃಗಶಿರಾ ಮಳೆ ಹಿಡಿಯುವ ಮೊದಲೇ ಎಣ್ಣೆ ಹಾಕಿ, ತೆರೆದು, ಮುಚ್ಚಿ ನೋಡಿರಬೇಕು. ತೂಬಿನ ಗೋಡೆಗೆ ತಾಗಿದಂತೆ ನೀರು ಬಸಿಯುತ್ತಿದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕಲ್ಲು, ಮಣ್ಣು ಸೇರುವ ಜಾಗವೇ ಏರಿಗೆ ನೋವಿನ ಜಾಗ.

• ಹುತ್ತಕ್ಕೆ ಹಾಲೆರೆಯಿರಿ, ಆದರೆ ಏರಿ ಮೈಮೇಲಿನ ಹುತ್ತದ ಸುದ್ದಿ ಮುಟ್ಟಿಸಿ. ಗೆದ್ದಲು, ಹೆಗ್ಗಣ, ಏಡಿ ಇವುಗಳಿಗೆ ಏರಿ ಅಂದರೆ ಮೆತ್ತನೆ ಮನೆ. ಬೇಸಿಗೆಯಲ್ಲಿ ಕೊರೆದ ಬಿಲ ಮಳೆಗಾಲದಲ್ಲಿ ಕೊಳವೆಯಾಗುತ್ತದೆ. ಬಾಯಿಗೆ ಒಂದು ಬುಟ್ಟಿ ಮಣ್ಣು ಸುರಿದರೆ ಸಾಲದು. ಬಿಲವನ್ನು ಕೊನೆ ಸಿಗುವವರೆಗೆ ಅಗೆದು, ಜೇಡಿಮಣ್ಣು ತುಂಬಿ, ಪದರ ಪದರವಾಗಿ ದಮ್ಮಸು ಮಾಡಬೇಕು. ಅದೂ ನೀರು ಕೆಳಗಿರುವಾಗ, ತಿಳಿದವರ ಕಣ್ಣೆದುರು.

• ಸಸಿ ಕೀಳಿ, ದೊಡ್ಡ ಮರಕ್ಕೆ ಅವಸರದಲ್ಲಿ ಕೊಡಲಿ ಹಾಕಬೇಡಿ. ಏರಿ ಮೇಲೆ ವನಮಹೋತ್ಸವ ಮಾಡುವುದು ಒಳ್ಳೆಯ ಮನಸ್ಸಿನ ತಪ್ಪು ಕೆಲಸ. ಗಾಳಿಗೆ ಮರ ಬಿದ್ದರೆ ಬೇರಿನ ಜೊತೆ ಏರಿಯ ಮಣ್ಣೂ ಕಿತ್ತು ಬರುತ್ತದೆ. ಕಡಿದು ಬಿಟ್ಟರೂ ಬೇರು ಕೊಳೆತ ಜಾಗ ಟೊಳ್ಳಾಗಿ ನೀರಿಗೆ ದಾರಿಯಾಗುತ್ತದೆ. ಎಳೆಯದಿರುವಾಗಲೇ ಕಿತ್ತುಬಿಡಿ. ಬೆಳೆದ ಮರವನ್ನು ಎಂಜಿನಿಯರ್ ಬಂದು ನೋಡಲಿ. ಏರಿಗೆ ಹುಲ್ಲು ಹೊದಿಕೆಯೇ ಚೆಂದ.

• ಹೂಳು ತೆಗೆಯುವ ಜೆಸಿಬಿಯನ್ನು ಏರಿಯ ಬುಡಕ್ಕೆ ಬಿಡಬೇಡಿ. ಒಳಬದಿಯ ಬುಡದಲ್ಲಿ ಕೂತ ಹಳೆಯ ಗೋಡು ಏರಿಗೆ ಮೆತ್ತಿದ ಪಟ್ಟಿಯಿದ್ದಂತೆ, ನೀರು ಒಳನುಗ್ಗದಂತೆ ತಡೆದಿರುತ್ತದೆ. ಅಂಗಳದ ನಡುವಿನಿಂದ ತೆಗೆಯಿರಿ, ಏರಿಯ ಬುಡ ಕೆರೆಯಬೇಡಿ. ಹಿಂಬದಿಯಿಂದ ಮನೆ ಕಟ್ಟಲು ಮಣ್ಣು ಒಯ್ಯುವವರಿಗೂ ಇದೇ ಮಾತು.

• ಬಿರುಕು ಯಾವ ಕಡೆಗಿದೆ ನೋಡಿ. ಏರಿಯ ಉದ್ದಕ್ಕೆ ಬಿಟ್ಟ ಬಿರುಕು ಪಕ್ಕ ಜಾರುವ ಸೂಚನೆ ಇರಬಹುದು. ಅಡ್ಡಕ್ಕೆ ಬಿಟ್ಟದ್ದು ನೀರು ಆಚೆ ದಾಟಲು ದಾರಿ. ತಲೆ ಒಂದು ಕಡೆ ತಗ್ಗಿದ್ದರೆ ತುಂಬಿದಾಗ ನೀರು ಮೊದಲು ಹರಿಯುವುದು ಅಲ್ಲೇ. ಏರಿ ಮೇಲೆ ಟಿಪ್ಪರ್ ಓಡಿಸಬೇಡಿ.

• ಫೋಟೋ ತೆಗೆಯುವ ಚಟವನ್ನು ಕೆಲಸಕ್ಕೆ ಹಚ್ಚಿ. ತಿಂಗಳಿಗೊಮ್ಮೆ, ದೊಡ್ಡ ಮಳೆ ಬಂದ ಮರುದಿನವೂ ಒಮ್ಮೆ, ಅದೇ ಜಾಗ, ಅದೇ ಕಡೆಯಿಂದ ತೂಬು, ಕೋಡಿ, ಬಸಿಯುವ ಜಾಗಗಳ ಚಿತ್ರ ತೆಗೆದಿಡಿ. ಸೋರಿಕೆ ಇರುವುದಕ್ಕಿಂತ ಅದು ಬದಲಾಗುವುದು ದೊಡ್ಡ ಸುದ್ದಿ. ಅಜ್ಜನ ತಲೆಯಲ್ಲಿದ್ದ ಲೆಕ್ಕ ನಿಮ್ಮ ಫೋನಿನಲ್ಲಿರಲಿ.

• ಕೆರೆ ಯಾರದ್ದು ಎಂದು ಈಗಲೇ ಕೇಳಿಟ್ಟುಕೊಳ್ಳಿ. ನಮ್ಮ ರಾಜ್ಯದಲ್ಲಿ ಸಾಮಾನ್ಯವಾಗಿ 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿನ ಕೆರೆ ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಚಿಕ್ಕದು ಪಂಚಾಯಿತಿ ವ್ಯವಸ್ಥೆಗೆ ಸೇರುತ್ತದೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ನೋಡಿಕೊಳ್ಳುವುದು 15 ಮೀಟರಿಗಿಂತ ಎತ್ತರದ ಕಟ್ಟೆಗಳನ್ನು, ಕೆಲವು ಷರತ್ತಿನ ಮೇಲೆ 10ರಿಂದ 15 ಮೀಟರಿನವನ್ನು. ಊರ ಕಟ್ಟೆಗಳು ಹೆಚ್ಚಿನವು ಆ ಲೆಕ್ಕಕ್ಕೆ ಬರುವುದಿಲ್ಲ. ಅವುಗಳಿಗೆ ನೀವೇ ಕಣ್ಣು.

• ದೊಡ್ಡ ಡ್ಯಾಮಿಗೂ ಮುಪ್ಪು ಬರುತ್ತದೆ. ಕೂಡ್ಲಿಯಲ್ಲಿ ಸೇರುವ ನಮ್ಮ ತುಂಗೆ, ಭದ್ರೆಯರ ನೀರು ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿಗೆ ಹೋಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ಅಲ್ಲಿ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ನೀರನ್ನು ನದಿಗೆ ಬಿಟ್ಟು, ಬದಲಿ ಗೇಟು ಕೂರಿಸಲು ಒಂದು ವಾರವೇ ಹಿಡಿಯಿತು. ಅಲ್ಲಿ ಎಂಜಿನಿಯರುಗಳ ದಂಡೇ ಇತ್ತು. ನಮ್ಮೂರ ತೂಬು ಮುರಿದರೆ ಮೊದಲು ಓಡಿ ಬರುವವರು ಯಾರು, ಯೋಚಿಸಿ.

• ನೀರಿಗಿಳಿಯುವ ಹುಡುಗರೇ, ತೂಬಿನ ಹತ್ತಿರ ಈಜಬೇಡಿ, ಸೆಳೆತಕ್ಕೆ ಸಿಕ್ಕರೆ ಈಜು ಬಂದವನೂ ಮೇಲೇಳುವುದಿಲ್ಲ. ಹರಿಯುವ ಕೋಡಿಯ ಪಾಚಿಗಲ್ಲಿನ ಮೇಲೆ ಸೆಲ್ಫಿ ಬೇಡ. ಭದ್ರಾ ಅಣೆಕಟ್ಟಿನ ಬಿಆರ್‌ಪಿ, ತುಂಗಾ ಅಣೆಕಟ್ಟಿನ ಗಾಜನೂರು ಕಡೆ ಹೋದಾಗ ಕಟ್ಟೆಯ ಕೆಳಗಿನ ಹೊಳೆಗೆ ಇಳಿಯಬೇಡಿ. ಗೇಟು ತೆಗೆದರೆ ನೀರು ನಿಮ್ಮನ್ನು ಕೇಳಿ ಬರುವುದಿಲ್ಲ.

• ಆಪತ್ತು ಕಂಡರೆ ಮೊದಲು ಜನ, ಆಮೇಲೆ ಏರಿ. ರಾಡಿ ನೀರು ಚಿಮ್ಮುತ್ತಿದ್ದರೆ, ಏರಿ ಪಕ್ಕದ ನೀರಿನಲ್ಲಿ ಸುಳಿ ಎದ್ದಿದ್ದರೆ ಕೆಳಗಿನ ಮನೆಯವರನ್ನು ಎಬ್ಬಿಸಿ ಎತ್ತರಕ್ಕೆ ಕಳಿಸಿ. 112ಕ್ಕೋ ಜಿಲ್ಲಾ ಸಹಾಯವಾಣಿ 1077ಕ್ಕೋ ಫೋನ್ ಮಾಡಿ. ನೀರು ಹೊರಬರುವ ಬಾಯಿಗೆ ಜೇಡಿ ಮೆತ್ತಬೇಡಿ, ಅದು ಮಗ್ಗುಲಲ್ಲಿ ಇನ್ನೊಂದು ಬಾಯಿ ತೆರೆಯುತ್ತದೆ. ತಿಳಿದವರು ಅಲ್ಲಿ ಮರಳು, ಮೇಲೆ ಜಲ್ಲಿ ಹಾಕುತ್ತಾರೆ: ನೀರು ಹೋಗಲಿ, ಮಣ್ಣು ನಿಲ್ಲಲಿ ಎಂದು. ಆ ಕೆಲಸ ಅವರಿಗೇ ಬಿಡಿ. ನಿಮಗಿರುವುದು ಸುದ್ದಿ ಮುಟ್ಟಿಸುವ ಕೆಲಸ.

• ಕೊನೆಯದು, ಎಲ್ಲಕ್ಕಿಂತ ಸುಲಭದ್ದು. ಸಂಜೆ ನೀವೆಲ್ಲ ನಡೆಯುವುದು ಏರಿಯ ತಲೆ ಮೇಲೆ, ನೀರಿನ ಕಡೆ ಮುಖ ಮಾಡಿ. ಅಜ್ಜ ಹೋಗುವಾಗ ಮೇಲೆ ಹೋಗುತ್ತಿದ್ದ, ಬರುವಾಗ ಹಿಂಬದಿಯ ಬುಡ ಹಿಡಿದು, ಕಾಲಡಿಯ ನೆಲ ನೋಡುತ್ತಾ ಬರುತ್ತಿದ್ದ. ನೀವೂ ವಾರಕ್ಕೊಮ್ಮೆ ಹಾಗೆ ಬನ್ನಿ. ಹಗಲಲ್ಲಿ, ಇಬ್ಬರು ಜೊತೆಯಾಗಿ, ಹಾವಿಗೊಂದು ಕೋಲು ಹಿಡಿದು. ಚಪ್ಪಲಿ ಒದ್ದೆಯಾದ ಜಾಗದಲ್ಲಿ ನಿಂತು ನೋಡಿ.