ನೂರು ಸುತ್ತು, ಒಂದೇ ದಿಕ್ಕು

ಮಹಾಲಕ್ಷ್ಮಿ ಲೇಔಟ್, ಬೆಂಗಳೂರು
ಭಾನುವಾರ ಬೆಳಿಗ್ಗೆ

ಪ್ರೀತಿಯ ಪುಟ್ಟಿಗೆ ತಾತನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಅಜ್ಜಿಯ ಮೊಣಕಾಲು ನೋವು ಇಳಿದಿದೆ. ನಿನ್ನೆ ರಾತ್ರಿ ಫೋನಿನಲ್ಲಿ ನಿನ್ನ ದನಿ ಕೇಳಿ ನನಗೆ ನಿದ್ದೆಯೇ ಹತ್ತಲಿಲ್ಲ. "ಮೊಳೆಗೆ ಎರಡು ಪದರದಲ್ಲಿ ನೂರು ಸುತ್ತು ತಂತಿ ಸುತ್ತಿದೆ ತಾತ, ಸೆಲ್ ಹಾಕಿದೆ, ಒಂದು ಗುಂಡುಸೂಜಿಯೂ ಅಂಟಲಿಲ್ಲ, ಸೆಲ್ ಮಾತ್ರ ಬಿಸಿಯಾಯ್ತು" ಅಂದೆಯಲ್ಲ, ಆ ಕೊನೆಯ ಮಾತಿನಲ್ಲೇ ಅರ್ಧ ಉತ್ತರ ಇದೆ ಕಂದಾ.

ಸೆಲ್ ಬಿಸಿಯಾಯ್ತು ಅಂದರೆ ಕರೆಂಟು ಹರಿದಿದೆ. ತಂತಿಯ ತುದಿಯ ಎನಾಮಲ್ಲನ್ನು ಉಪ್ಪುಕಾಗದದಿಂದ ಸರಿಯಾಗಿ ಉಜ್ಜದೆ ಬಿಟ್ಟಿದ್ದರೆ ಸೆಲ್ ತಣ್ಣಗೇ ಇರುತ್ತಿತ್ತು. ಹಾಗಾಗಿ ತಪ್ಪು ಬೇರೆ ಕಡೆ ಇದೆ. ಮೊದಲು ಮೊಳೆ ನೋಡು. ಅದು ಸ್ಟೇನ್‌ಲೆಸ್ ಸ್ಟೀಲಿನದಾಗಿದ್ದರೆ ಕೆಲಸಕ್ಕೆ ಬರದೆ ಹೋಗಬಹುದು. ಫ್ರಿಜ್ಜಿನ ಬಾಗಿಲಿನ ಅಯಸ್ಕಾಂತ ಮೊಳೆಗೆ ಕಚ್ಚಿಕೊಳ್ಳುತ್ತದೆಯೇ ನೋಡಿದರೆ ಗೊತ್ತಾಗುತ್ತದೆ. ಕಚ್ಚಿಕೊಂಡರೆ, ಮೊಳೆಯ ಚೂಪು ತುದಿಯ ಹತ್ತಿರ ತಂತಿಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡು. ಎರಡನೇ ಪದರ ಶುರುವಾಗುವಲ್ಲಿ ತಂತಿ ಹೇರ್‌ಪಿನ್ನಿನ ಹಾಗೆ ಮಡಚಿ ಹಿಂದಕ್ಕೆ ಹೊರಳಿದೆಯಾ? ಹೊರಳಿದ್ದರೆ ಅದೇ ಕಳ್ಳ. ಮೊದಲ ಪದರ ಮುಗಿದ ಮೇಲೆ ನೀನು ಮೊಳೆಯನ್ನೇ ತಲೆಕೆಳಗು ಮಾಡಿ ಹಿಡಿದು, ಕೈ ಮಾತ್ರ ಮೊದಲಿನ ರೂಢಿಯಲ್ಲೇ ಸುತ್ತಿದ್ದೀಯ. ಮೊದಲ ಐವತ್ತು ಸುತ್ತು ತುದಿಯನ್ನು ಉತ್ತರ ಧ್ರುವ ಮಾಡಿದರೆ ಆಮೇಲಿನ ಐವತ್ತು ಅದನ್ನೇ ದಕ್ಷಿಣ ಮಾಡುತ್ತದೆ. ಒಂದು ಇನ್ನೊಂದನ್ನು ನುಂಗಿಹಾಕುತ್ತದೆ, ಸೆಲ್ ಸುಮ್ಮನೆ ದಣಿಯುತ್ತದೆ.

ಇದನ್ನು ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣ ಇದೆ. ಈಗ ನೀವು ಸಿನಿಮಾ ನೋಡಲು ಹೋಗುವ ಒರಾಯನ್ ಮಾಲ್ ಇರುವ ಕಡೆ ಆಗ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಾರ್ಖಾನೆ ಇತ್ತು. ರಾಜಾಜಿನಗರದ ಸುತ್ತ ಮೋಟರು ರಿವೈಂಡಿಂಗ್ ಮಾಡುವ ಸಣ್ಣ ಶೆಡ್ಡುಗಳೂ ಇದ್ದವು. ಅಂಥ ಒಂದರಲ್ಲಿ ನಾನು ಹದಿನೇಳನೇ ವಯಸ್ಸಿಗೆ ಕೆಲಸಕ್ಕೆ ಸೇರಿದೆ. ಸೇರಿದ ಹೊಸತರಲ್ಲಿ ಒಂದು ಮೋಟರಿಗೆ ಕಾಯಿಲುಗಳನ್ನು ಕೂರಿಸುವಾಗ ಒಂದನ್ನು ಉಲ್ಟಾ ಜೋಡಿಸಿದೆ. ಸ್ವಿಚ್ ಹಾಕಿದರೆ ಮೋಟರು ಗುಂಯ್‌ಗುಟ್ಟಿತು, ಬಿಸಿಯಾಯಿತು, ತಿರುಗಲಿಲ್ಲ. ಮೇಸ್ತ್ರಿ ಬೈಯಲಿಲ್ಲ. ತಂತಿ ಕತ್ತರಿಸಿ ಕೈಗೆ ಕೊಟ್ಟು, "ಎಲ್ಲ ಮತ್ತೆ ಸುತ್ತು, ಬಾಯಿಬಿಟ್ಟು ಎಣಿಸು" ಅಂದರು. ಅಂದಿನಿಂದ ನಾನು ಎಣಿಸಿಕೊಂಡೇ ಸುತ್ತಿದೆ.

ಹೊಸದಾಗಿ ಮಾಡು. ನಾಲ್ಕು ಇಂಚಿನ ಕಬ್ಬಿಣದ ಮೊಳೆ, 26 ಗೇಜಿನ ಎನಾಮಲ್ ತಂತಿ, 1.5 ವೋಲ್ಟಿನ ದಪ್ಪ ಸೆಲ್ ಒಂದು, ಇಷ್ಟು ಸಾಕು. ಮೊಳೆಗೆ ಒಂದು ಸುತ್ತು ಕಾಗದ ಅಂಟಿಸಿಕೋ, ತಂತಿ ತರಚುವುದಿಲ್ಲ. ಎಡಗೈಯಲ್ಲಿ ಮೊಳೆಯ ತಲೆ ಹಿಡಿ, ಕೊನೆಯವರೆಗೂ ಆ ಹಿಡಿತ ಬದಲಿಸಬೇಡ. ಎರಡನೇ ಪದರ ತುದಿಯಿಂದ ತಲೆಯ ಕಡೆಗೆ ಬಂದರೂ ಸುತ್ತುವ ದಿಕ್ಕು ಅದೇ ಇರಲಿ. ಇಪ್ಪತ್ತು, ನಲವತ್ತು, ಎಂಬತ್ತು ಸುತ್ತಿಗೆ ಒಮ್ಮೊಮ್ಮೆ ನಿಲ್ಲಿಸಿ ಎಷ್ಟು ಗುಂಡುಸೂಜಿ ಎದ್ದವು ಅಂತ ಬರೆದಿಡು. ಸುತ್ತು ಹೆಚ್ಚಿದ ಹಾಗೆ ತಂತಿ ಉದ್ದವಾಗಿ ಕರೆಂಟು ತಗ್ಗುತ್ತದೆ, ಸೆಲ್ ಬಿಸಿಯಾಗುವುದೂ ಕಡಿಮೆಯಾಗುತ್ತದೆ. ಅದಕ್ಕೇ ಶಕ್ತಿ ಸಾಲದು ಅನ್ನಿಸಿದಾಗ ಸೆಲ್ ಮೇಲೆ ಸೆಲ್ ಪೇರಿಸಬೇಡ, ಸುತ್ತು ಹೆಚ್ಚಿಸಿ ನೋಡು. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡ. ಗೋಡೆಯ ಪ್ಲಗ್ಗಿಗೆ, ಫೋನಿನ ಬ್ಯಾಟರಿಗೆ ಈ ತಂತಿ ತಾಗಿಸುವುದಿಲ್ಲ ಅಂತ ನನ್ನ ಮೇಲೆ ಆಣೆ ಮಾಡು.

ಸೆಲ್ಲಿನಿಂದ ತಂತಿ ಬಿಡಿಸಿದ ಮೇಲೂ ಸೂಜಿ ಬೀಳದೆ ಅಂಟಿಕೊಂಡಿದ್ದರೆ ಮೊಳೆ ಗಟ್ಟಿ ಉಕ್ಕಿನದು ಅಂತ ಅರ್ಥ. ಮತ್ತೆ ಸುತ್ತುವ ಮೊದಲು ಅದನ್ನು ಅಪ್ಪನ ಕೈಲಿ ಕೆಂಪಗೆ ಕಾಯಿಸಿ ಬೂದಿಯಲ್ಲಿ ಹೂತು ಆರಲು ಬಿಟ್ಟರೆ ಮೆತ್ತಗಾಗುತ್ತದೆ.

ಇಂಥದೇ ಅಯಸ್ಕಾಂತ ಮಾಡಲು 1825ರಲ್ಲಿ ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ ಲಾಳದ ಹಾಗೆ ಬಗ್ಗಿಸಿದ ಕಬ್ಬಿಣಕ್ಕೆ ವಾರ್ನಿಶ್ ಬಳಿದು ಬರಿ ತಂತಿ ಸುತ್ತಿದ. ಬರಿ ತಂತಿಯಾದ್ದರಿಂದ ಸುತ್ತುಗಳು ಒಂದಕ್ಕೊಂದು ತಾಗದಂತೆ ಬಿಡಿಬಿಡಿಯಾಗಿ ಹಾಕಬೇಕಿತ್ತು, ಹದಿನೆಂಟೇ ಸುತ್ತು. ಅಮೆರಿಕದ ಜೋಸೆಫ್ ಹೆನ್ರಿ ತಂತಿಗೇ ಹೊದಿಕೆ ಹಾಕಿ ಪದರದ ಮೇಲೆ ಪದರ ಒತ್ತಾಗಿ ಸುತ್ತಿದ. 1831ರ ಹೊತ್ತಿಗೆ ಅವನ ಅಯಸ್ಕಾಂತ 900 ಕಿಲೋಗೂ ಹೆಚ್ಚು ಭಾರ ಎತ್ತಿತು. ನಿನ್ನ ತಂತಿಯ ಮೇಲಿನ ಆ ತೆಳು ಎನಾಮಲ್ಲಿಗೂ ಅಷ್ಟೇ ಬೆಲೆ ಇದೆ, ಸುತ್ತುವಾಗ ಉಗುರು ತಾಗಿಸಬೇಡ.

ಚಿಕ್ಕವಳಿದ್ದಾಗ ನಮ್ಮ ಮನೆಯ ಟಿಂಗ್ ಟಾಂಗ್ ಬೆಲ್ಲನ್ನು ಒತ್ತಿ ಒತ್ತಿ ಅಜ್ಜಿಯ ಕೈಲಿ ಗದರಿಸಿಕೊಳ್ಳುತ್ತಿದ್ದೆ, ನೆನಪಿದೆಯಾ? ಅದರೊಳಗೂ ಇಂಥದೇ ತಂತಿ ಸುತ್ತಿದ ಕಾಯಿಲು ಇದೆ. ಗುಂಡಿ ಒತ್ತಿದಾಗ ಕಾಯಿಲು ಕಬ್ಬಿಣದ ಕಡ್ಡಿಯನ್ನು ಎಳೆದು ಒಂದು ಪಟ್ಟಿಗೆ ಬಡಿಯುತ್ತದೆ, ಅದು ಟಿಂಗ್. ಬಿಟ್ಟಾಗ ಸ್ಪ್ರಿಂಗು ಅದನ್ನು ಹಿಂದಕ್ಕೆ ದೂಡುತ್ತದೆ, ಅದು ಟಾಂಗ್. ದಸರಾ ರಜೆಗೆ ಬಂದಾಗ ಮೇನ್ ಆಫ್ ಮಾಡಿ ಬಿಚ್ಚಿ ತೋರಿಸುತ್ತೇನೆ. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿಗೂ ಹೋಗೋಣ. 1965ರಲ್ಲಿ ಅಲ್ಲಿ ಜನರಿಗೆ ಮೊದಲು ತೆರೆದಿದ್ದು ವಿದ್ಯುತ್ತಿನ ಗ್ಯಾಲರಿಯೇ.

ನಿನ್ನ ಹಳೇ ಮೊಳೆಯ ತಂತಿ ಬಿಚ್ಚಬೇಡ ಪುಟ್ಟಿ. ಹೊಸದರ ಜೊತೆ ಅದನ್ನೂ ತಾ. ದಿಕ್ಸೂಚಿ ಹತ್ತಿರ ಎರಡನ್ನೂ ಹಿಡಿದು ನೋಡೋಣ.

ಇಂತಿ ನಿನ್ನ
ತಾತ