ಹಳೆ ಡೀಸೆಲ್ ಕಾರು ಕೊಳ್ಳುವ ಮುನ್ನ ಬಾನೆಟ್ ಮುಟ್ಟಿ ನೋಡಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಕಾರು ಕೊಳ್ಳಲು ಹೊರಟವರು ಮೊದಲು ಕೇಳುವುದು ಮೈಲೇಜು. ಹಾಗಾಗಿ ಡಿಸೈರ್, ಇಟಿಯೋಸ್, ಅಮೇಜ್, ವರ್ನಾದಂಥ ಹಳೆ ಡೀಸೆಲ್ ಸೆಡಾನ್‌ಗಳಿಗೆ ಇನ್ನೂ ಗಿರಾಕಿಗಳಿದ್ದಾರೆ. ಆದರೆ 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದಾಗ ಮಾರುತಿ ಡೀಸೆಲ್ ಕಾರುಗಳನ್ನೇ ಕೈಬಿಟ್ಟಿತು. ಇಟಿಯೋಸ್ ಕೂಡ ಅದೇ ವರ್ಷ ನಿಂತಿತು. ಮರುವರ್ಷ ಫೋರ್ಡ್ ಇಲ್ಲಿನ ತಯಾರಿಕೆಯನ್ನೇ ನಿಲ್ಲಿಸುವುದಾಗಿ ಘೋಷಿಸಿತು. ಅಂದರೆ ಇಂದು ಮಾರಾಟಕ್ಕೆ ಬರುವ ಇಂಥ ಕಾರುಗಳಲ್ಲಿ ಹೆಚ್ಚಿನವು ಸಾಕಷ್ಟು ಓಡಿ ದಣಿದವು. ಬೆಲೆ ಕಡಿಮೆ ಎಂದು ಕೊಂಡು ಮೊದಲ ವರ್ಷದ ರಿಪೇರಿಗೇ ಸಾಲ ಮಾಡುವಂತಾಗಬಾರದು.

ಮೊದಲು ನಿಮ್ಮ ಓಡಾಟದ ಲೆಕ್ಕ ಹಾಕಿ

ಡೀಸೆಲ್ ಲೀಟರಿಗೆ 91 ರೂಪಾಯಿ, ಪೆಟ್ರೋಲ್ 103 ರೂಪಾಯಿ ಎಂದು ಹಿಡಿಯೋಣ. ಡೀಸೆಲ್ ಕಾರು 20 ಕಿ.ಮೀ., ಪೆಟ್ರೋಲ್ ಕಾರು 16 ಕಿ.ಮೀ. ಮೈಲೇಜು ಕೊಟ್ಟರೆ, ತಿಂಗಳಿಗೆ 1,500 ಕಿ.ಮೀ. ಓಡಿಸುವವರಿಗೆ ಸುಮಾರು 2,800 ರೂಪಾಯಿ ಉಳಿಯುತ್ತದೆ. ವರ್ಷಕ್ಕೆ 34 ಸಾವಿರದ ಹತ್ತಿರ. ಕೂಡ್ಲಿಗಿಯಿಂದ ಹೊಸಪೇಟೆಗೆ, ಹರಪನಹಳ್ಳಿಯಿಂದ ದಾವಣಗೆರೆಗೆ ದಿನವೂ ಹೋಗಿಬರುವ ನೌಕರರಿಗೆ ಇದು ನಿಜವಾದ ಉಳಿತಾಯ. ಸಂತೆಗೆ, ಮದುವೆಗೆ, ಜಾತ್ರೆಗೆ ಎಂದು ತಿಂಗಳಿಗೆ 300 ಕಿ.ಮೀ. ಮಾತ್ರ ಓಡಿಸುವವರಿಗೆ ವರ್ಷಕ್ಕೆ ಉಳಿಯುವುದು ಏಳು ಸಾವಿರದೊಳಗೆ. ಇಂಜೆಕ್ಟರ್ ಒಮ್ಮೆ ಕೈಕೊಟ್ಟರೆ ಹಲವು ವರ್ಷಗಳ ಆ ಉಳಿತಾಯ ಒಂದೇ ಬಿಲ್ಲಿನಲ್ಲಿ ಕರಗುತ್ತದೆ. ಅಂಥವರು ಪೆಟ್ರೋಲ್ ಕಾರನ್ನೇ ಕೊಳ್ಳಲಿ. ಈ ಮಾತಿನಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಎಂಜಿನ್ ಗಾತ್ರವನ್ನೂ ನೋಡಿ. 2022ರ ಜೂನ್ 1ರಿಂದ ಜಾರಿಗೆ ಬಂದ ದರದಂತೆ 1,000ದಿಂದ 1,500 ಸಿಸಿವರೆಗಿನ ಕಾರಿಗೆ ಥರ್ಡ್ ಪಾರ್ಟಿ ವಿಮೆ ವರ್ಷಕ್ಕೆ 3,416 ರೂಪಾಯಿ. 1,500 ಸಿಸಿ ದಾಟಿದರೆ 7,897 ರೂಪಾಯಿ. ಜಿಎಸ್‌ಟಿ ಬೇರೆ. ಡಿಸೈರ್ 1,248 ಸಿಸಿ, ಇಟಿಯೋಸ್ 1,364 ಸಿಸಿ, ಅಮೇಜ್ 1,498 ಸಿಸಿ. ವರ್ನಾದ 1.6 ಡೀಸೆಲ್ ಎಂಜಿನ್ 1,582 ಸಿಸಿ. ಓಡಿಸಲು ವರ್ನಾ ಸೊಗಸಾದರೂ ವಿಮೆಯ ವೆಚ್ಚ ವರ್ಷವರ್ಷವೂ ಇದ್ದದ್ದೇ.

ಕಾರು ನೋಡಲು ಬೆಳಿಗ್ಗೆಯೇ ಹೋಗಿ

ಮಾರುವವರಿಗೆ "ನಾವು ಬರುವವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ" ಎಂದು ಮೊದಲೇ ಹೇಳಿಡಿ. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇವೆಂದು ವಾಪಸಾಗಿ. ಡೀಸೆಲ್ ಎಂಜಿನ್ನಿನ ಕಾಯಿಲೆಗಳು ತಣ್ಣಗಿದ್ದಾಗಲೇ ಚೆನ್ನಾಗಿ ಗೊತ್ತಾಗುವುದು.

ಕೀ ತಿರುಗಿಸಿದಾಗ ಚೆಕ್ ಎಂಜಿನ್ ದೀಪ ಹೊತ್ತಿ, ಸ್ಟಾರ್ಟ್ ಆದ ಮೇಲೆ ಆರಬೇಕು. ದೀಪ ಹೊತ್ತಲೇ ಇಲ್ಲವೆಂದರೆ ಯಾರೋ ಅದನ್ನು ಕಿತ್ತಿರಬಹುದು. ಒಂದೆರಡು ಸುತ್ತಿಗೇ ಸ್ಟಾರ್ಟ್ ಆಗಬೇಕು. ಸೆಲ್ಫ್ ಎಳೆದೆಳೆದು ಹೊಡೆಯಬೇಕಾಗಿ ಬಂದರೆ ಗ್ಲೋ ಪ್ಲಗ್, ಬ್ಯಾಟರಿ, ಇಂಜೆಕ್ಟರ್ ಈ ಮೂರರಲ್ಲಿ ಒಂದರ ಮೇಲೆ ಸಂಶಯಪಡಿ. ಡಿಸೈರ್‌ನಲ್ಲಿ ಸ್ಟಾರ್ಟ್ ಆದೊಡನೆ ಮುಂಭಾಗದಿಂದ ಸರಪಳಿ ಅಲುಗಿದಂಥ ಸದ್ದು ಬಂದರೆ ಅದು ಟೈಮಿಂಗ್ ಚೈನ್ ಸಡಿಲವಾದ ಲಕ್ಷಣ. ಫೋರ್ಡ್‌ನ 1.5 ಮತ್ತು ವೆಂಟೊದ 1.5 ಡೀಸೆಲ್‌ನಲ್ಲಿ ಚೈನ್ ಬದಲು ಬೆಲ್ಟ್ ಇದೆ. ಅದನ್ನು ಬದಲಿಸಿದ ಬಿಲ್ ಇಲ್ಲದಿದ್ದರೆ ಬದಲಿಸಿಲ್ಲವೆಂದೇ ತಿಳಿದು ಬೆಲೆಯಲ್ಲಿ ಆ ಖರ್ಚು ಕಳೆಯಿರಿ. ಬೆಲ್ಟ್ ತುಂಡಾದರೆ ವಾಲ್ವ್‌ಗಳು ಬಾಗಿ ಎಂಜಿನ್ ಬಿಚ್ಚಬೇಕಾಗುತ್ತದೆ.

ಇನ್ನು ಹೊಗೆ. ಆಕ್ಸಿಲರೇಟರ್ ಒತ್ತಿದಾಗ ದಟ್ಟ ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್ ಕಟ್ಟಿರಬಹುದು, ಇಜಿಆರ್ ವಾಲ್ವ್ ಮಸಿ ಹಿಡಿದಿರಬಹುದು, ಟರ್ಬೊ ಪೈಪ್ ಸೋರುತ್ತಿರಬಹುದು. ಇವಕ್ಕೆಲ್ಲ ಪರಿಹಾರವಿದೆ. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ ಕೂಲೆಂಟ್ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಹೆಚ್ಚು. ಎಂಜಿನ್ ಓಡುತ್ತಿರುವಾಗ ಆಯಿಲ್ ತುಂಬುವ ಮುಚ್ಚಳ ಸಡಿಲಿಸಿ ನೋಡಿ. ತುಸು ಆವಿ ಸಹಜ. ಬುಸುಬುಸು ಎಂದು ಹೊಗೆ ಒತ್ತಿಕೊಂಡು ಬಂದರೆ ರಿಂಗ್‌ಗಳು ಸವೆದಿವೆ, ಬೋರ್ ಕೆಲಸ ಹತ್ತಿರದಲ್ಲಿದೆ. ಅಂಥ ಕಾರನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬಿಡಿ.

ಕ್ಯಾನ್ ಡೀಸೆಲ್ ಎಂಬ ವಿಷ

ನಮ್ಮ ಭಾಗದಲ್ಲಿ ಈ ಕಾರುಗಳನ್ನು ಹೆಚ್ಚು ಕೆಡಿಸುವುದು ಇಂಧನ. ಟ್ರ್ಯಾಕ್ಟರಿಗೆಂದು ತಂದು ಕ್ಯಾನ್, ಡ್ರಮ್‌ಗಳಲ್ಲಿ ಇಟ್ಟ ಡೀಸೆಲನ್ನೇ ಅವಸರಕ್ಕೆ ಕಾರಿಗೂ ಸುರಿಯುವ ರೂಢಿ ಹಳ್ಳಿಗಳಲ್ಲಿದೆ. ಹಳೆಯ ಟ್ರ್ಯಾಕ್ಟರ್ ಅದನ್ನು ಹೇಗೋ ತಾಳಿಕೊಳ್ಳುತ್ತದೆ. ಈ ಕಾರುಗಳ ಕಾಮನ್ ರೈಲ್ ಎಂಜಿನ್ ತಾಳುವುದಿಲ್ಲ. ಇದರ ಪಂಪ್ ಡೀಸೆಲನ್ನು 1,000 ಬಾರ್‌ಗೂ ಮೀರಿದ ಒತ್ತಡದಲ್ಲಿ ಇಂಜೆಕ್ಟರಿನ ಅತಿ ಸಣ್ಣ ರಂಧ್ರಗಳಿಂದ ಚಿಮ್ಮಿಸುತ್ತದೆ. ಪಂಪಿಗೂ ಇಂಜೆಕ್ಟರಿಗೂ ಕೀಲೆಣ್ಣೆಯಂತೆ ಒದಗುವುದು ಅದೇ ಡೀಸೆಲ್. ಅದರಲ್ಲಿ ನೀರಿನ ಅಂಶ, ತುಕ್ಕಿನ ಪುಡಿ ಸೇರಿದರೆ ಲೋಹ ಸವೆಯುತ್ತದೆ. ಪಂಪಿನ ಲೋಹದ ಪುಡಿ ಇಂಜೆಕ್ಟರಿಗೆ ಹೋದರಂತೂ ಟ್ಯಾಂಕಿನಿಂದ ಹಿಡಿದು ಎಲ್ಲವನ್ನೂ ತೊಳೆಯಬೇಕು. ಹೆದ್ದಾರಿ ಬದಿಯಲ್ಲಿ ಬಿಲ್ಲಿಲ್ಲದೆ ಅಗ್ಗಕ್ಕೆ ಸಿಗುವ ಡೀಸೆಲ್‌ಗೂ ಇದೇ ಮಾತು.

ಆದ್ದರಿಂದ ಸ್ಕ್ಯಾನರ್ ಇರುವ ಮೆಕ್ಯಾನಿಕ್ಕನನ್ನು ಜೊತೆಗೆ ಕರೆದೊಯ್ಯಿರಿ. ರೈಲ್ ಪ್ರೆಷರ್, ಇಂಜೆಕ್ಟರ್ ಕರೆಕ್ಷನ್, ಹಳೆಯ ಫಾಲ್ಟ್ ಕೋಡ್‌ಗಳನ್ನು ಓದಿಸಿ. ಅವರಿಗೆ ಕೊಡುವ ಕೂಲಿ ದಂಡವಲ್ಲ. ಇಂಜೆಕ್ಟರ್ ಬೆಂಚ್ ಪರೀಕ್ಷೆ ಬೇಕಾದರೆ ಹೊಸಪೇಟೆ, ದಾವಣಗೆರೆ ಅಥವಾ ಹುಬ್ಬಳ್ಳಿಯತ್ತ ಹೋಗಬೇಕಾಗಬಹುದು. ಬಿಡಿಭಾಗ ಬರುವವರೆಗೆ ಕಾರು ನಿಂತಿರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ನಿಮ್ಮೂರಿನ ಮೆಕ್ಯಾನಿಕ್ ಯಾವ ಎಂಜಿನ್ ಬಲ್ಲರೋ ಆ ಕಾರು ಕೊಳ್ಳುವುದೇ ಜಾಣತನ.

ರೇಡಿಯೇಟರ್ ತಣ್ಣಗಿದ್ದಾಗ ಮುಚ್ಚಳ ತೆಗೆದು ನೋಡಿ. ಕೂಲೆಂಟ್ ಬದಲು ಬೋರ್‌ವೆಲ್ ನೀರು ತುಂಬಿ ಓಡಿಸಿದ ಕಾರಾದರೆ ಒಳಗೆ ಕೆಂಪು ಕಿಲುಬು, ಬಿಳಿ ಉಪ್ಪಿನ ಪದರ ಕಾಣುತ್ತದೆ. ಗಡಸು ನೀರಿನ ಆ ಪದರ ಸಣ್ಣ ನಾಳಗಳನ್ನು ಕಟ್ಟಿ, ಏಪ್ರಿಲ್-ಮೇ ಬಿಸಿಲಿನಲ್ಲಿ ಎಸಿ ಹಾಕಿದೊಡನೆ ಎಂಜಿನ್ ಕುದಿಸುತ್ತದೆ.

ಬಳಿಕ ಓಡಿಸಿ ನೋಡಿ. ನಾಲ್ಕು ಜನ ಕೂತು, ನಾಲ್ಕನೇ ಗೇರಿನಲ್ಲಿ ಏರು ಹತ್ತಿಸಿ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಮೈಲಾರ ಜಾತ್ರೆ, ಕೊಟ್ಟೂರು ತೇರಿನ ದಟ್ಟಣೆಯಲ್ಲಿ ಅರ್ಧ ಕ್ಲಚ್ಚಿನಲ್ಲೇ ತೆವಳಿದ ಕಾರುಗಳಲ್ಲಿ ಇದು ಅಪರೂಪವಲ್ಲ. 1,800 ಆರ್‌ಪಿಎಂ ದಾಟಿದ ಮೇಲೂ ಎಳೆತ ಬರದಿದ್ದರೆ, ಸಿಳ್ಳೆಯಂಥ ಸದ್ದು ಜೋರಾದರೆ ಟರ್ಬೊ ಪರೀಕ್ಷಿಸಿ. ಗುಂಡಿ ಬಿದ್ದ ದಾರಿಯಲ್ಲಿ ಕಿಟಕಿ ಇಳಿಸಿ ನಿಧಾನಕ್ಕೆ ಹೋದರೆ ಲಿಂಕ್ ರಾಡ್, ಬುಷ್‌ಗಳ ಟಕಟಕ ಕೇಳುತ್ತದೆ. ಅದು ಸಣ್ಣ ಖರ್ಚು.

ಕಾಗದಪತ್ರ

ಆರ್‌ಸಿಯಲ್ಲಿ ಕಾರು ಹಿಂದೆ ಹಳದಿ ಬೋರ್ಡಿನಲ್ಲಿತ್ತೇ ಎಂಬುದನ್ನು ಪರಿಶೀಲಿಸಿ. ಟ್ಯಾಕ್ಸಿಯಾಗಿ ಓಡಿದ್ದರೆ ಮೀಟರಿನ ಅಂಕಿಯನ್ನು ನಂಬಬೇಡಿ, ಸರ್ವಿಸ್ ದಾಖಲೆ ಕೇಳಿ. ಹರಪನಹಳ್ಳಿ 1997ರಿಂದ 2018ರವರೆಗೆ ದಾವಣಗೆರೆ ಜಿಲ್ಲೆಯಲ್ಲಿದ್ದುದರಿಂದ ಅಲ್ಲಿನ ಹಳೆ ಕಾರುಗಳಲ್ಲಿ ಕೆಎ-17 ಫಲಕ ಸಹಜ. ಅದಕ್ಕೆ ಗಾಬರಿ ಬೇಡ. ಆದರೆ ದೆಹಲಿ ಫಲಕದ ಅಗ್ಗದ ಕಾರಿಗೆ ಮರುಳಾಗಬೇಡಿ. ಅಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಕಾರುಗಳ ಮೇಲೆ ನಿರ್ಬಂಧ ಬಂದದ್ದರಿಂದ ಅವು ಬೇರೆ ರಾಜ್ಯಗಳಿಗೆ ಹರಿದಿವೆ. ಎನ್‌ಒಸಿ, ಇಲ್ಲಿನ ಜೀವಿತಾವಧಿ ತೆರಿಗೆ ಎಲ್ಲ ಸೇರಿದಾಗ ಅಗ್ಗವೆನ್ನುವುದು ಉಳಿಯುವುದಿಲ್ಲ.

ನೋಂದಣಿಯ 15 ವರ್ಷ ಎಂದು ಮುಗಿಯುತ್ತದೆ ನೋಡಿ. 2012ರ ಕಾರಿಗೆ 2027ರಲ್ಲಿ ಫಿಟ್ನೆಸ್ ಪರೀಕ್ಷೆ ಮಾಡಿಸಿ ಐದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಈ ನವೀಕರಣದ ಶುಲ್ಕ 600ರಿಂದ 5,000 ರೂಪಾಯಿಗೆ ಏರಿದೆ. ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35, ವರ್ಗಾವಣೆಗೆ ಫಾರ್ಮ್ 29 ಮತ್ತು 30 ಬೇಕು. ಬಾಕಿ ಇ-ಚಲನ್‌ಗಳನ್ನು ಮಾರುವವರಿಂದಲೇ ಕಟ್ಟಿಸಿ.

ಬೆಲೆ ಕುದುರಿದ ಮೇಲೆ, ಕಾರಿನ ಬೆಲೆಯ ಆರನೇ ಒಂದು ಪಾಲನ್ನಾದರೂ ರಿಪೇರಿಗೆಂದು ಬೇರೆ ತೆಗೆದಿಡಿ. ತಂದ ವಾರದಲ್ಲೇ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್, ಕೂಲೆಂಟ್ ಎಲ್ಲ ಬದಲಿಸಿ. ನಮ್ಮ ಮಣ್ಣುರಸ್ತೆಗಳ ಧೂಳಿಗೆ ಕಂಪನಿ ಹೇಳಿದ 10,000 ಕಿ.ಮೀ.ವರೆಗೆ ಕಾಯದೆ 7,000ಕ್ಕೇ ಸರ್ವಿಸ್ ಮಾಡಿಸುವುದು ಒಳ್ಳೆಯದು. ಕಾರು ನಿಮ್ಮ ಒಡೆತನಕ್ಕೆ ಬಂದ 14 ದಿನದೊಳಗೆ ವಿಮೆಯನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಹಾಕಿ. ಮತ್ತು ಆರ್‌ಸಿ ನಿಮ್ಮ ಹೆಸರಿಗೆ ಬರುವವರೆಗೆ, ಮಾರುವವರು ಎಷ್ಟೇ ಪರಿಚಯದವರಿರಲಿ, ಪೂರ್ತಿ ಹಣ ಕೊಡಬೇಡಿ.